ಪಾನಾ ಹಿಡಿಯುವ ಮುಂಚೆ ಪೆನ್ಸಿಲ್ ಹಿಡಿಯಿರಿ: ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ದುರಸ್ತಿ ಮಾರ್ಗದರ್ಶಿ

ಸಣ್ಣ ದುರಸ್ತಿಗೆ ಪ್ಲಂಬರ್ ಸಿಗುವುದು ಕಷ್ಟ. ಒಂದು ವಾಶರ್ ಬದಲಿಸಲು ನವನಗರದಿಂದ ಕೇಶ್ವಾಪುರಕ್ಕೆ ಬಂದು ಹೋಗುವಷ್ಟರಲ್ಲಿ ಅವರ ಎರಡು ತಾಸು ಹೋಗುತ್ತದೆ. ಹೊಸ ಮನೆಯ ಪೈಪ್‌ಲೈನ್ ಕೆಲಸ ಬಿಟ್ಟು ಅವರು ಬರಬೇಕಾಗುತ್ತದೆ. ಹಾಗಾಗಿ "ನಾಳೆ ಬರ್ತೇನ್ರಿ ಸರ" ಎಂದರೆ ಅವರನ್ನು ದೂರುವಂತಿಲ್ಲ.

ಬ್ಯಾಂಕು, ಕಾಲೇಜು, ದವಾಖಾನೆ, ಕಂಪ್ಯೂಟರ್ ಕಚೇರಿಗಳಲ್ಲಿ ದುಡಿಯುವವರು ಇಂಥ ಕೆಲಸಗಳನ್ನು ಖಂಡಿತ ತಾವೇ ಮಾಡಿಕೊಳ್ಳಬಹುದು. ಕೈ ಪಳಗಲು ನಾಲ್ಕಾರು ಭಾನುವಾರ ಸಾಕು. ಓದಿದವರು ಎಡವುವುದು ಹೆಚ್ಚಾಗಿ ಅವಸರದಲ್ಲಿ. ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ, ಅಂಗಡಿಗೆ ಹೋಗಿ ಸಾಮಾನು ತಂದು, ಹಳೆಯದನ್ನು ಬಿಚ್ಚಿ ಹೊಸದನ್ನು ಕೂಡಿಸುತ್ತಾರೆ. ದೋಷ ಬೇರೆ ಕಡೆ ಇರುತ್ತದೆ. ಅಳೆಯುವುದು, ಗುರುತು ಹಾಕುವುದು, ತಾರೀಖು ಬರೆದಿಡುವುದು ಇವರ ದಿನನಿತ್ಯದ ಕೆಲಸವೇ. ಅದೇ ರೂಢಿಯನ್ನು ಬಚ್ಚಲಮನೆಗೂ ತಂದರೆ ಅರ್ಧ ದುರಸ್ತಿ ಆದಂತೆ. ಅದಕ್ಕೇ ಇಲ್ಲಿ ಹೇಳುವ ಪ್ರತಿ ಕೆಲಸವೂ ಒಂದು ಪರೀಕ್ಷೆಯಿಂದ ಶುರುವಾಗುತ್ತದೆ.

ಮನೆಯಲ್ಲಿ ಇರಬೇಕಾದ ಸಾಮಾನು

ದೊಡ್ಡ ಟೂಲ್ ಕಿಟ್ ಬೇಡ. 10 ಇಂಚಿನ ಅಡ್ಜಸ್ಟೆಬಲ್ ಪಾನಾ, 12 ಇಂಚಿನ ಪೈಪ್ ಪಾನಾ, ಇನ್ಸುಲೇಶನ್ ಇರುವ ಪಕ್ಕಡ, ಚಪ್ಪಟೆ ಮತ್ತು ಪ್ಲಸ್ ಮೊನೆಯ ಸ್ಕ್ರೂ ಡ್ರೈವರ್ ಎರಡೆರಡು ಅಳತೆಯವು, ಲೈನ್ ಟೆಸ್ಟರ್, ಸಾದಾ ಡಿಜಿಟಲ್ ಮಲ್ಟಿಮೀಟರ್, ಟೆಫ್ಲಾನ್ ಟೇಪ್, ಇನ್ಸುಲೇಶನ್ ಟೇಪ್, ಟಾರ್ಚ್, ಹಳೆಯ ಹಲ್ಲುಜ್ಜುವ ಬ್ರಷ್ಷು. ಮಲ್ಟಿಮೀಟರ್ ಕೊಳ್ಳುವಾಗ ಕೆಪ್ಯಾಸಿಟರ್ (ಫ್ಯಾನು, ಮೋಟಾರ್ ತಿರುಗಲು ನೆರವಾಗುವ ಚಿಕ್ಕ ಬಿಡಿಭಾಗ) ಅಳೆಯುವ ಸೌಲಭ್ಯ ಇರುವುದನ್ನೇ ಕೇಳಿ ತನ್ನಿ. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲ, ಫ್ಯಾನು ಮತ್ತು ಮೋಟಾರಿನ ಕೆಲಸಕ್ಕೆ ಅದು ಬೇಕೇ ಬೇಕು. ಪಾನಾ ಮಾತ್ರ ಅಗ್ಗದ್ದು ತರಬೇಡಿ. ಸಡಿಲ ದವಡೆಯ ಪಾನಾ ಜಾರಿದರೆ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಆಮೇಲೆ ಅದನ್ನು ಬಿಚ್ಚಲು ನುರಿತವರೂ ಒದ್ದಾಡಬೇಕಾಗುತ್ತದೆ.

ನೀರು ಬರುವ ದಿನ ನೋಡಿ ಕೆಲಸ ಇಟ್ಟುಕೊಳ್ಳಿ

ನಮ್ಮ ಬಹಳಷ್ಟು ಬಡಾವಣೆಗಳಿಗೆ ಮಲಪ್ರಭೆಯ ನೀರು ದಿನ ಬಿಟ್ಟು ದಿನವೂ ಬರುವುದಿಲ್ಲ. ಸಂಪಿನಲ್ಲಿ, ಮಾಳಿಗೆಯ ಮೇಲಿನ ಟಾಕಿಯಲ್ಲಿ ಇರುವುದೇ ಮುಂದಿನ ಸರದಿಯವರೆಗಿನ ಆಸ್ತಿ. ಆದ್ದರಿಂದ ನಳದ ಕೆಲಸವನ್ನು ನೀರು ಬರುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಟಾಕಿ ಬಹುತೇಕ ಖಾಲಿ ಇರುತ್ತದೆ. ವಾಲ್ವ್ ಕೈಕೊಟ್ಟರೂ ವಾರದ ನೀರು ಹರಿದು ಹೋಗುವುದಿಲ್ಲ.

ವಾಲ್ವ್ ಕೈಕೊಡುವುದು ಅಪರೂಪವೂ ಅಲ್ಲ. ಟಾಕಿಯಿಂದ ಇಳಿಯುವ ಪೈಪಿಗೆ ಹಿತ್ತಾಳೆಯ ಗೇಟ್ ವಾಲ್ವ್ ಇರುತ್ತದೆ. ಮನೆ ಕಟ್ಟಿದ ದಿನ ತೆರೆದದ್ದು, ಆಮೇಲೆ ಯಾರೂ ಮುಟ್ಟಿರುವುದಿಲ್ಲ. ಬೋರಿನ ಸವಳು ನೀರಿನ ಸುಣ್ಣ ಒಳಗೆ ಕಟ್ಟಿಕೊಂಡು ಅದು ಬಿಗಿಯುತ್ತದೆ. ಪಾನಾ ಹಾಕಿ ಜೋರು ಮಾಡಿದರೆ ಹಿಡಿಗೆ ಕೂಡಿದ ಒಳಗಿನ ಕಡ್ಡಿ, ಅಂದರೆ ಸ್ಪಿಂಡಲ್, ಮುರಿದು, ಹಿಡಿ ಸುಮ್ಮನೆ ಸುತ್ತುತ್ತದೆ. ಬಿಗಿದಿದ್ದರೆ ಕಾಲು ಸುತ್ತು ಮುಚ್ಚಿ, ಕಾಲು ಸುತ್ತು ತೆರೆಯಿರಿ. ಹೀಗೆ ಹತ್ತಿಪ್ಪತ್ತು ಸಲ ಹಿಂದೆ ಮುಂದೆ ಆಡಿಸಿದರೆ ಸುಣ್ಣ ಪುಡಿಯಾಗಿ ಸಡಿಲಾಗುತ್ತದೆ. ಕೊನೆಗೂ ಪೂರ್ತಿ ಮುಚ್ಚದಿದ್ದರೆ, ಟಾಕಿಯ ಮುಚ್ಚಳ ತೆಗೆದು ಹೊರಹರಿವಿನ ತೂತಿಗೆ ಒಳಗಿನಿಂದ ಅರಿವೆ ಸುತ್ತಿದ ಬಿರಡೆ ಒತ್ತಿ. ಬಿರಡೆಗೆ ದಾರ ಕಟ್ಟಿ ಹೊರಗೆ ಬಿಟ್ಟಿರಿ. ಅದು ಪೈಪಿನೊಳಗೆ ಎಳೆದುಕೊಂಡು ಹೋದರೆ ತೆಗೆಯುವುದು ದೊಡ್ಡ ಕೆಲಸ. ಇನ್ನು ಮುಂದೆ ಪ್ರತಿ ತಿಂಗಳು ಎಲ್ಲ ವಾಲ್ವ್‌ಗಳನ್ನೂ ಒಮ್ಮೆ ಮುಚ್ಚಿ ತೆರೆಯಿರಿ.

ತೊಟ್ಟಿಕ್ಕುವ ನಳ

ಮೊದಲು ಅಳತೆ. ರಾತ್ರಿ ಮಲಗುವಾಗ ನಳದ ಕೆಳಗೆ ಒಂದು ಪಾತ್ರೆ ಇಟ್ಟು ಹೊತ್ತು ಬರೆದಿಡಿ. ಒಂದು ತಾಸಿಗೆ 250 ಮಿ.ಲೀ. ಬಿದ್ದರೆ ದಿನಕ್ಕೆ 6 ಲೀಟರ್. ಎಂಟು ದಿನಕ್ಕೊಮ್ಮೆ ನೀರು ಬರುವ ಮನೆಯಲ್ಲಿ ಒಂದು ಸರದಿಗೆ 48 ಲೀಟರ್, ಅಂದರೆ ಎರಡು ದೊಡ್ಡ ಬಕೀಟಿಗೂ ಮೀರಿದ ನೀರು ಮೋರಿಗೆ ಹೋದಂತೆ.

ಎರಡನೆಯದು, ನೀರು ಎಲ್ಲಿಂದ ಬರುತ್ತಿದೆ ಎಂಬುದು. ನಳವನ್ನು ಅರಿವೆಯಿಂದ ಒರೆಸಿ ಒಣಗಿಸಿ ಐದು ನಿಮಿಷ ನೋಡಿ. ಮುಚ್ಚಿದಾಗ ಬಾಯಿಯಿಂದ ತೊಟ್ಟಿಕ್ಕಿದರೆ ವಾಶರ್ ಅಥವಾ ಅದು ಕೂಡುವ ಸೀಟು ಹಾಳಾಗಿದೆ. ತೆರೆದಾಗ ಮಾತ್ರ ಹಿಡಿಯ ಬುಡದಲ್ಲಿ ಜಿನುಗಿದರೆ ಗ್ಲ್ಯಾಂಡಿನ (ಸ್ಪಿಂಡಲಿನ ಸುತ್ತಲಿನ ಬಿಗಿಮುಚ್ಚಳದ) ಪ್ಯಾಕಿಂಗ್ ಸಡಿಲಾಗಿದೆ. ಗೋಡೆಯ ಹತ್ತಿರ ಹಸಿಯಾದರೆ ಥ್ರೆಡ್ಡಿನ ಟೇಪ್ ಹೋಗಿದೆ. ಈ ಮೂರಕ್ಕೂ ಬೇರೆ ಬೇರೆ ಔಷಧ. ಗ್ಲ್ಯಾಂಡಿನಲ್ಲಿ ಜಿನುಗುವ ನಳಕ್ಕೆ ಹತ್ತು ವಾಶರ್ ಬದಲಿಸಿದರೂ ಅದು ನಿಲ್ಲುವುದಿಲ್ಲ.

ನಾಲ್ಕೈದು ಸುತ್ತು ತಿರುಗುವ ಹಳೆಯ ಮಾದರಿಯ ಅರ್ಧ ಇಂಚಿನ ನಳಕ್ಕೆ ವಾಶರ್ ಬದಲಿಸುವ ಕ್ರಮ ಹೀಗೆ:

1. ವಾಲ್ವ್ ಮುಚ್ಚಿ. ಮನೆಯ ಎಲ್ಲಕ್ಕಿಂತ ಕೆಳಗಿನ ನಳ ತೆರೆದು ಪೈಪಿನಲ್ಲಿ ಉಳಿದ ನೀರು ಹರಿಯಲು ಬಿಡಿ.

2. ಬಚ್ಚಲದ ಜಾಲರಿಯ ಮೇಲೆ ಅರಿವೆ ಹಾಸಿ. ಹಿಡಿಯ ಸ್ಕ್ರೂ ಚಿಕ್ಕದು, ಬಿದ್ದರೆ ಮತ್ತೆ ಸಿಗುವುದಿಲ್ಲ.

3. ಹಿಡಿಯ ಮೇಲಿನ ಬಿಲ್ಲೆಯನ್ನು ಚಪ್ಪಟೆ ಸ್ಕ್ರೂ ಡ್ರೈವರಿನಿಂದ ಎಬ್ಬಿಸಿ, ಸ್ಕ್ರೂ ಬಿಚ್ಚಿ, ಹಿಡಿ ಮೇಲೆ ಎಳೆಯಿರಿ. ಬರದಿದ್ದರೆ ಬಿಸಿನೀರಲ್ಲಿ ಅದ್ದಿದ ಅರಿವೆ ಸುತ್ತಿ ಹತ್ತು ನಿಮಿಷ ಬಿಡಿ. ಸುತ್ತಿಗೆ ಬಳಸಬೇಡಿ.

4. ನಳದ ಮೈಯನ್ನು ಒಂದು ಪಾನಾದಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದರಿಂದ ಮೇಲಿನ ದೊಡ್ಡ ನಟ್ಟನ್ನು ಎಡಕ್ಕೆ ತಿರುಗಿಸಿ. ಎಲ್ಲಕ್ಕಿಂತ ಹೆಚ್ಚು ನಷ್ಟವಾಗುವುದು ಇಲ್ಲಿಯೇ. ಮೈ ಹಿಡಿಯದೆ ತಿರುಗಿಸಿದರೆ ಇಡೀ ನಳ ತಿರುಗಿ, ಗೋಡೆಯೊಳಗಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪಿನ ಬಾಗು (ಎಲ್ಬೋ) ಸೀಳುತ್ತದೆ. ಐದು ರೂಪಾಯಿಯ ವಾಶರಿನ ಕೆಲಸ ಟೈಲ್ಸ್ ಒಡೆಯುವ ಕೆಲಸವಾಗುತ್ತದೆ.

5. ಸ್ಪಿಂಡಲ್ ಹೊರಗೆ ಬರುತ್ತದೆ. ಅದರ ಕೆಳಗೆ ಜಂಪರ್ ಎಂಬ ಚಿಕ್ಕ ಹಿತ್ತಾಳೆಯ ಗುಂಡಿ, ಅದಕ್ಕೆ ಅಂಟಿದ ರಬ್ಬರ್ ವಾಶರ್. ವಾಶರನ್ನು ಅಂಗೈಯಲ್ಲಿ ಇಟ್ಟು ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಒಂದೇ ಆಳದ ಉಂಗುರದ ಗೆರೆ ಬಿದ್ದಿದ್ದರೆ ಅದು ವಯಸ್ಸಿನ ಸವಕಳಿ, ಬದಲಿಸಿದರೆ ಸಾಕು. ಗೆರೆ ಒಂದು ಕಡೆ ಮಾತ್ರ ಆಳವಾಗಿದ್ದರೆ, ಅಥವಾ ಅಂಚು ಹರಿದಿದ್ದರೆ, ದೋಷ ಸೀಟಿನಲ್ಲಿದೆ.

6. ಕಿರುಬೆರಳನ್ನು ನಳದೊಳಗೆ ಹಾಕಿ ಸೀಟಿನ ಅಂಚಿನ ಮೇಲೆ ಸುತ್ತಿಸಿ. ಬಳೆಯ ಹಾಗೆ ನುಣುಪಾಗಿರಬೇಕು. ಉಪ್ಪಿನ ಹರಳಿನಂತೆ ಚುಚ್ಚಿದರೆ ಸುಣ್ಣ ಕಟ್ಟಿದೆ. ನಿಂಬೆ ಉಪ್ಪಿನ ನೀರಿನಲ್ಲಿ ಅದ್ದಿದ ಅರಿವೆಯ ಚೂರನ್ನು ಕಾಲು ತಾಸು ಒತ್ತಿಟ್ಟು, ಬ್ರಷ್ಷಿನಿಂದ ಉಜ್ಜಿ. ಉಗುರಿಗೆ ಸಿಗುವಷ್ಟು ಕಚ್ಚು ಬಿದ್ದಿದ್ದರೆ ಹೊಸ ವಾಶರ್ ತಿಂಗಳೂ ಬಾಳುವುದಿಲ್ಲ. ಆಗ ನಳವನ್ನೇ ಬದಲಿಸುವುದು ಒಳ್ಳೆಯದು.

7. ಹೊಸ ವಾಶರ್ ಕೂಡಿಸಿ. ಸ್ಪಿಂಡಲನ್ನು ಮತ್ತೆ ಇಳಿಸುವ ಮುಂಚೆ ಅದನ್ನು ಪೂರ್ತಿ ತೆರೆದ ಸ್ಥಿತಿಗೆ ತಿರುಗಿಸಿಡಿ. ಮುಚ್ಚಿದ ಸ್ಥಿತಿಯಲ್ಲಿ ಇಳಿಸಿ ನಟ್ಟು ಬಿಗಿದರೆ ಹೊಸ ವಾಶರ್ ಅಲ್ಲೇ ಜಜ್ಜಿ ಹೋಗುತ್ತದೆ.

8. ನಟ್ಟು ಬಿಗಿದು, ಟಾಕಿಯ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಪೈಪಿನ ಗಾಳಿ, ಕೆಸರು ಮೊದಲು ಹೊರಬೀಳಲಿ, ಆಮೇಲೆ ನಳ ಮುಚ್ಚಿ.

ಅಂಗಡಿಗೆ ಹೋಗುವಾಗ ಹಳೆಯ ವಾಶರ್ ಮತ್ತು ಜಂಪರ್ ಕಿಸೆಯಲ್ಲಿರಲಿ. "ಅಣ್ಣಾರ, ಅರ್ಧ ಇಂಚಿನ ನಳಕ್ಕ ವಾಶರ್ ಕೊಡ್ರಿ" ಎಂದರೆ ಎರಡು ಮೂರು ದಪ್ಪದವು ಸಿಗುತ್ತವೆ. ಹಳೆಯದರ ಪಕ್ಕ ಇಟ್ಟು ನೋಡಿಯೇ ತನ್ನಿ.

ಕಾಲು ಸುತ್ತಿಗೇ ತೆರೆಯುವ ಹೊಸ ನಳಗಳಲ್ಲಿ ವಾಶರ್ ಇರುವುದಿಲ್ಲ, ಎರಡು ಸೆರಾಮಿಕ್ ಬಿಲ್ಲೆಗಳಿರುವ ಕಾರ್ಟ್ರಿಜ್ ಇರುತ್ತದೆ. ಒಂದು ಮರಳಿನ ಕಣ ನಡುವೆ ಸಿಕ್ಕರೆ ಬಿಲ್ಲೆ ಗೀರಿ ಸೋರಲು ಶುರುವಾಗುತ್ತದೆ. ಅದನ್ನು ಇಡಿಯಾಗಿಯೇ ಬದಲಿಸಬೇಕು. ಎಡಕ್ಕೆ ತೆರೆಯುವುದು, ಬಲಕ್ಕೆ ತೆರೆಯುವುದು ಬೇರೆ ಬೇರೆ. ಹಿಡಿ ಕೂಡುವ ಹಲ್ಲುಗಳ ಸಂಖ್ಯೆಯೂ ಕಂಪನಿಯಿಂದ ಕಂಪನಿಗೆ ಬೇರೆ. ಇದಕ್ಕೂ ಹಳೆಯದನ್ನು ಒಯ್ಯದೆ ಹೋಗಬೇಡಿ.

ನಳವನ್ನೇ ಬದಲಿಸುವುದಾದರೆ ಟೆಫ್ಲಾನ್ ಟೇಪಿನ ದಿಕ್ಕು ನೆನಪಿರಲಿ: ಥ್ರೆಡ್ಡಿನ ತುದಿ ನಿಮ್ಮ ಕಡೆ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ಕಡೆಗೆ, ಎಳೆದು ಎಳೆದು 8ರಿಂದ 10 ಸುತ್ತು. ಉಲ್ಟಾ ಸುತ್ತಿದರೆ ನಳ ತಿರುಗಿಸುವಾಗ ಟೇಪ್ ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ಬಿಗಿದಾಗ ನಳದ ಬಾಯಿ ಕೆಳಮುಖವನ್ನು ದಾಟಿ ಹೋದರೆ ಹಿಂದಕ್ಕೆ ತಿರುಗಿಸಿ ಸರಿಮಾಡಬೇಡಿ. ಹಿಂದೆ ಬಂದ ಥ್ರೆಡ್ ಸೋರುತ್ತದೆ. ಪೂರ್ತಿ ಬಿಚ್ಚಿ, ಟೇಪ್ ಕಿತ್ತು, ಮತ್ತೆ ಸುತ್ತಿ.

ಸವಳು ನೀರು ಮತ್ತು ಶಹಾಬಾದ ಫರಸಿ

ಶಾವರಿನಲ್ಲಿ, ಸಿಂಕಿನ ನಳದ ಜಾಲರಿಯಲ್ಲಿ ಬಿಳಿ ಪದರ ಕಟ್ಟಿ ನೀರು ಸಣ್ಣಗಾಗಿದ್ದರೆ, ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಬೋರಿನ ನೀರು ಬಳಸುವ ಮನೆಗಳಲ್ಲಿ ಇದು ಬೇಗ ಕಟ್ಟುತ್ತದೆ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವ ಸಿಟ್ರಿಕ್ ಆ್ಯಸಿಡನ್ನು ಒಂದು ಲೀಟರ್ ಬೆಚ್ಚನೆಯ ನೀರಿಗೆ ಎರಡು ದೊಡ್ಡ ಚಮಚ ಹಾಕಿ ಕರಗಿಸಿ. ಜಾಲರಿ, ಶಾವರಿನ ಮುಖ ಬಿಚ್ಚಿ ಅದರಲ್ಲಿ ಒಂದು ತಾಸು ನೆನೆಹಾಕಿ. ನೊರೆ ಏಳುವುದು ನಿಂತರೆ ಸುಣ್ಣ ಕರಗಿದೆ ಎಂದರ್ಥ. ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ.

ಪಾಯಖಾನೆ ತೊಳೆಯುವ ಆ್ಯಸಿಡ್ ಹಾಕಬೇಡಿ, ಅದು ನಳದ ಕ್ರೋಮ್ ಹೊಳಪನ್ನೂ ಒಳಗಿನ ಹಿತ್ತಾಳೆಯನ್ನೂ ತಿನ್ನುತ್ತದೆ. ಯಾವ ಆ್ಯಸಿಡನ್ನೂ ಬ್ಲೀಚಿಂಗ್ ಪೌಡರಿನ ಜೊತೆ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲದಲ್ಲಿ ಅದು ಜೀವಕ್ಕೇ ಕುತ್ತು. ಇನ್ನೊಂದು ನಮ್ಮ ಕಡೆಯದೇ ಎಚ್ಚರಿಕೆ: ಹಳೆಯ ಮನೆಗಳ ಶಹಾಬಾದ ಫರಸಿ ಮತ್ತು ಅಡುಗೆಕಟ್ಟೆಯ ಕರಿ ಕಡಪಾ ಕಲ್ಲು ಎರಡೂ ಸುಣ್ಣದ ಕಲ್ಲುಗಳೇ. ನಳದ ಸುಣ್ಣ ಕರಗಿಸುವ ನೀರು ಫರಸಿಯನ್ನೂ ಕರಗಿಸುತ್ತದೆ. ಚೆಲ್ಲಿದ ಜಾಗ ಮಂಕಾಗಿ ಉಳಿಯುತ್ತದೆ, ಪಾಲಿಶ್ ಮಾಡಿಸದೆ ಹೋಗುವುದಿಲ್ಲ. ನೆನೆಹಾಕುವ ಕೆಲಸವನ್ನು ಪ್ಲಾಸ್ಟಿಕ್ ಬಕೀಟಿನಲ್ಲೇ, ಕಲ್ಲಿನಿಂದ ದೂರ ಮಾಡಿ.

ಜಾಲರಿ ಸ್ವಚ್ಛವಿದ್ದರೂ ಶಾವರ್ ಸಣ್ಣಗೆ ಬರುತ್ತಿದ್ದರೆ ಎತ್ತರ ಅಳೆಯಿರಿ. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು 1 ಬಾರ್. ಟಾಕಿಯ ನೀರು ಶಾವರಿಗಿಂತ 2 ಮೀಟರ್ ಮಾತ್ರ ಮೇಲಿದ್ದರೆ ಸಿಗುವುದು 0.2 ಬಾರ್. ಅಷ್ಟು ಒತ್ತಡಕ್ಕೆ ದೊಡ್ಡ ಮುಖದ ದುಬಾರಿ ಶಾವರ್ ಹೊಂದುವುದಿಲ್ಲ, ಅದನ್ನು ಎಷ್ಟು ರಿಪೇರಿ ಮಾಡಿದರೂ ಅಷ್ಟೇ.

ಫ್ಲಶ್ ಟ್ಯಾಂಕ್

ಇದರ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಟ್ಯಾಂಕಿನ ನೀರಿಗೆ ನಾಲ್ಕಾರು ಹನಿ ಹಾಕಿ, ಅರ್ಧ ತಾಸು ಯಾರೂ ಬಳಸದಂತೆ ನೋಡಿಕೊಳ್ಳಿ. ಕೆಳಗಿನ ಬೋಗುಣಿಗೆ ನೀಲಿ ಇಳಿದಿದ್ದರೆ ತಳದ ರಬ್ಬರ್ ಸೀಲ್ ಸೋರುತ್ತಿದೆ, ಅಥವಾ ನೀರು ಮೇಲಿನ ಓವರ್‌ಫ್ಲೋ ಕೊಳವೆಯಿಂದ ಹೋಗುತ್ತಿದೆ. ಮುಚ್ಚಳ ತೆಗೆದು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ: ನೀರಿನ ಮಟ್ಟ ಕೊಳವೆಯ ಬಾಯಿಗಿಂತ ಒಂದು ಇಂಚಾದರೂ ಕೆಳಗೆ ನಿಲ್ಲಬೇಕು. ನಿಲ್ಲದಿದ್ದರೆ ಫ್ಲೋಟಿನ ಸ್ಕ್ರೂ ತಿರುಗಿಸಿ ಇಳಿಸಿ. ಸೀಲಿನ ದೋಷವಾದರೆ ಮೊದಲು ಬಿಚ್ಚಿ ನಿಂಬೆ ಉಪ್ಪಿನ ನೀರಿನಲ್ಲಿ ತೊಳೆದು ನೋಡಿ, ಎಷ್ಟೋ ಸಲ ಹೊಸದು ಬೇಕಾಗುವುದೇ ಇಲ್ಲ.

ಮೋಟಾರ್ ತಿರುಗುತ್ತದೆ, ನೀರು ಏರುವುದಿಲ್ಲ

ಸಂಪಿನಿಂದ ಟಾಕಿಗೆ ನೀರೆತ್ತುವ ಅರ್ಧ ಎಚ್‌ಪಿ ಅಥವಾ ಒಂದು ಎಚ್‌ಪಿ ಮೋಟಾರ್ ಈ ಊರಿನ ಮನೆಯ ಹೃದಯ ಇದ್ದಹಾಗೆ. ಅದು ಆರೋಗ್ಯವಾಗಿರುವಾಗಲೇ ಒಂದು ಅಳತೆ ಬರೆದಿಡಿ: ಖಾಲಿ ಟಾಕಿ ತುಂಬಲು ಎಷ್ಟು ನಿಮಿಷ ಬೇಕು. 500 ಲೀಟರಿನ ಟಾಕಿಗೆ 20 ನಿಮಿಷ ಹಿಡಿದರೆ ನಿಮಿಷಕ್ಕೆ 25 ಲೀಟರ್. ಆರು ತಿಂಗಳ ಮೇಲೆ ಅದೇ ಟಾಕಿಗೆ 35 ನಿಮಿಷ ಆದರೆ, ನೀರು ನಿಲ್ಲುವ ಮುಂಚೆಯೇ ದೋಷದ ಸುಳಿವು ಸಿಕ್ಕಿತು.

ಮೊದಲು ಸದ್ದು ಕೇಳಿ. ಮೋಟಾರ್ ತಿರುಗದೆ ಗುಂಯ್ ಅಂತಿದ್ದರೆ ಆ ಕ್ಷಣವೇ ಸ್ವಿಚ್ ಆರಿಸಿ. ತಿರುಗದೆ ನಿಂತ ಮೋಟಾರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಕೆಲವೇ ನಿಮಿಷದಲ್ಲಿ ಒಳಗಿನ ತಂತಿಸುರುಳಿ (ವೈಂಡಿಂಗ್) ಸುಡುತ್ತದೆ. ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬೀಳುವ ಬೋರ್ಡಿನ ಸ್ವಿಚ್) ಇಳಿಸಿ, ಹಿಂದಿನ ಫ್ಯಾನಿನ ಮುಚ್ಚಳ ತೆಗೆದು, ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ. ಬಹಳ ದಿನ ನಿಂತಿದ್ದರೆ ಇಂಪೆಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ತುಕ್ಕು ಹಿಡಿದು ಅಂಟಿರುತ್ತದೆ. ಎರಡೂ ಕಡೆ ಮೆಲ್ಲಗೆ ಆಡಿಸಿದರೆ ಬಿಡುತ್ತದೆ. ಕೈಗೆ ಸಲೀಸಾಗಿ ತಿರುಗಿದರೂ ಕರೆಂಟಿಗೆ ತಿರುಗದಿದ್ದರೆ ಸಾಮಾನ್ಯವಾಗಿ ಕೆಪ್ಯಾಸಿಟರ್ ಹೋಗಿರುತ್ತದೆ. ಹಳೆಯದರ ಮೇಲೆ ಎಷ್ಟು ಮೈಕ್ರೋಫ್ಯಾರಡ್, ಎಷ್ಟು ವೋಲ್ಟ್ ಅಂತ ಬರೆದಿದೆಯೋ ಅಷ್ಟೇ ಇರುವುದನ್ನು ತನ್ನಿ. ಸ್ವಿಚ್ ಆರಿಸಿದ ಮೇಲೂ ಕೆಪ್ಯಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ. ಹೋಲ್ಡರಿಗೆ ಹಾಕಿದ ಹಳೆಯ ಗಾಜಿನ ಬಲ್ಬಿನ ಎರಡು ವೈರುಗಳನ್ನು ಅದರ ಎರಡು ತುದಿಗೆ ಮುಟ್ಟಿಸಿ ಖಾಲಿ ಮಾಡಿ, ಆಮೇಲೆ ಕೈ ಹಚ್ಚಿ.

ಮೋಟಾರ್ ಚೆನ್ನಾಗಿ ತಿರುಗುತ್ತಿದ್ದು ನೀರು ಮಾತ್ರ ಬರದಿದ್ದರೆ ಹೀಗೆ ಮಾಡಿ.

ಮೋಟಾರ್ ಆರಿಸಿ, ಪಂಪಿನ ಮೇಲಿನ ಪ್ರೈಮಿಂಗ್ ಪ್ಲಗ್ ಬಿಚ್ಚಿ. ಗುಳ್ಳೆ ಬರುವುದು ನಿಲ್ಲುವವರೆಗೆ, ಬಾಯಿಯ ಅಂಚಿಗೆ ಬರುವಂತೆ ನೀರು ತುಂಬಿ. ಈಗ ಪ್ಲಗ್ ಹಾಕದೆ ಹತ್ತು ನಿಮಿಷ ಕಾಯಿರಿ. ಈ ಹತ್ತು ನಿಮಿಷವನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಮಟ್ಟ ಹಾಗೇ ನಿಂತಿದ್ದರೆ ಫುಟ್ ವಾಲ್ವ್, ಅಂದರೆ ಸಂಪಿನಿಂದ ನೀರೆಳೆಯುವ ಸಕ್ಷನ್ ಪೈಪಿನ ತುದಿಯಲ್ಲಿ ನೀರು ಹಿಂದಿರುಗದಂತೆ ತಡೆಯುವ ವಾಲ್ವ್, ಸರಿ ಇದೆ. ಮಟ್ಟ ಇಳಿದು, ಹೊರಗಿನ ಜಾಯಿಂಟುಗಳೆಲ್ಲ ಒಣಗಿದ್ದರೆ ನೀರು ಫುಟ್ ವಾಲ್ವಿನಿಂದ ಮತ್ತೆ ಸಂಪಿಗೇ ಇಳಿಯುತ್ತಿದೆ. ಸಕ್ಷನ್ ಪೈಪಿನ ಯೂನಿಯನ್ (ಬಿಚ್ಚಿ ಕೂಡಿಸುವ ಜೋಡಣೆ) ಬಿಚ್ಚಿ ಪೈಪನ್ನು ಮೇಲೆ ಎಳೆಯಿರಿ. ಜಾಲರಿಗೆ ಕಸ, ನಾರು, ವಾಲ್ವಿನ ಮುಚ್ಚಳದ ಕೆಳಗೆ ಒಂದು ಹರಳು ಸಿಕ್ಕಿರುವುದೇ ಹೆಚ್ಚು. ತೊಳೆದು, ರಬ್ಬರ್ ಗಟ್ಟಿಯಾಗಿದ್ದರೆ ಹೊಸ ವಾಲ್ವ್ ಹಾಕಿ. ಮತ್ತೆ ಇಳಿಸುವಾಗ ಅದು ಸಂಪಿನ ತಳದಿಂದ ಅರ್ಧ ಅಡಿ ಮೇಲೆ ನಿಲ್ಲಲಿ, ಇಲ್ಲದಿದ್ದರೆ ಹೂಳನ್ನೇ ಎಳೆಯುತ್ತದೆ. ಫುಟ್ ವಾಲ್ವ್ ಇಲ್ಲದ ಸೆಲ್ಫ್ ಪ್ರೈಮಿಂಗ್ ಪಂಪಾದರೆ ಒಳಬರುವ ಬಾಯಲ್ಲೇ ಒಂದು ರಬ್ಬರ್ ನಾಲಿಗೆ ಇರುತ್ತದೆ, ಅದನ್ನು ನೋಡಿ.

ಪೈಪ್ ಕೈಗೆ ಬರದಿದ್ದರೂ ಸಂಪಿನೊಳಗೆ ಇಳಿಯಬೇಡಿ. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಇರದೆ ಇಳಿದವರು, ಅವರನ್ನು ಎತ್ತಲು ಇಳಿದವರು ಇಬ್ಬರೂ ಜೀವ ಕಳೆದುಕೊಳ್ಳುವ ಅನಾಹುತ ಮತ್ತೆ ಮತ್ತೆ ಆಗುತ್ತಿದೆ. ಇದರಲ್ಲಿ ಧೈರ್ಯ ತೋರಿಸುವಂಥದ್ದು ಏನೂ ಇಲ್ಲ.

ಮಟ್ಟ ನಿಂತಿದೆ, ಆದರೂ ನೀರು ಉಗುಳಿ ಉಗುಳಿ, ಗಾಳಿ ಬೆರೆತು ಬರುತ್ತಿದೆ ಎಂದರೆ ಸಕ್ಷನ್ ಬದಿಯ ಜಾಯಿಂಟ್ ಗಾಳಿ ಎಳೆಯುತ್ತಿದೆ. ಇದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ, ಏಕೆಂದರೆ ಮೋಟಾರ್ ಓಡುವಾಗ ಆ ಬದಿಯಲ್ಲಿ ನೀರು ಹೊರಗೆ ಬೀಳುವುದೇ ಇಲ್ಲ, ಗಾಳಿ ಒಳಗೆ ಹೋಗುತ್ತದೆ. ದಾಡಿ ಮಾಡಿಕೊಳ್ಳುವ ನೊರೆಯನ್ನು ಪ್ರತಿ ಜಾಯಿಂಟಿಗೂ ಹಚ್ಚಿ, ಮೋಟಾರ್ ಓಡಿಸಿ ನೋಡಿ. ನೊರೆಯಲ್ಲಿ ಗುಣಿ ಬಿದ್ದ ಜಾಗವೇ ಸಂದು. ನೊರೆ ಹಚ್ಚುವಾಗ ಮೋಟಾರ್ ಆರಿರಲಿ, ಕೈ ಒರೆಸಿಕೊಂಡು ಸ್ವಿಚ್ ಹಾಕಿ. ಥ್ರೆಡ್ ಜಾಯಿಂಟಾದರೆ ಬಿಚ್ಚಿ ಟೇಪ್ ಸುತ್ತಿ. ಯೂನಿಯನ್ ಆದರೆ ಅದರ ರಬ್ಬರ್ ಉಂಗುರ ಬದಲಿಸಿ. ಮೇಲೆ ಎಂ-ಸೀಲ್ ಮೆತ್ತುವುದು ತಾತ್ಪೂರ್ತಿಕ ಕೆಲಸ, ಮೋಟಾರಿನ ನಡುಕಕ್ಕೆ ಅದು ಬಿರಿಯುತ್ತದೆ.

ಪಂಪು ಮತ್ತು ಮೋಟಾರಿನ ನಡುವಿನ ಸಂದಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಮೆಕ್ಯಾನಿಕಲ್ ಸೀಲ್ ಹೋಗಿದೆ. ಅದನ್ನು ತಂಪಾಗಿಡುವುದು ಪಂಪಿನೊಳಗಿನ ನೀರೇ. ಖಾಲಿ ಸಂಪಿನಲ್ಲಿ ಮೋಟಾರ್ ಓಡಿದಾಗ ಅದು ಕಾದು ಸುಡುತ್ತದೆ. ಇದನ್ನು ನಾಳೆ ನಾಡಿದ್ದು ಅನ್ನಬೇಡಿ. ಆ ನೀರು ಬೇರಿಂಗಿಗೆ ಇಳಿದರೆ ಖರ್ಚು ಹತ್ತು ಪಟ್ಟಾಗುತ್ತದೆ. ಸೀಲ್ ಬದಲಿಸಲು ಇಂಪೆಲರ್ ಎಳೆಯಬೇಕು, ಮೊದಲ ಸಲ ಮೋಟಾರ್ ಅಂಗಡಿಗೆ ಒಯ್ದು ಕೊಡುವುದೇ ಲೇಸು. ವೈಂಡಿಂಗ್ ಸುಟ್ಟ ವಾಸನೆ ಬಂದರೂ ಅಷ್ಟೇ. ಹೋದಾಗ "ನೀರ ಬರವಲ್ದರಿ" ಎಂದು ನಿಲ್ಲಿಸಬೇಡಿ. "ಫುಟ್ ವಾಲ್ವ್ ನೋಡೇನ್ರಿ, ಸರಿ ಐತಿ. ಕೆಪ್ಯಾಸಿಟರ್ ಹೊಸಾದು. ಸೀಲಿನ ಹತ್ರ ಸೋರ್ತೈತಿ" ಎಂದು ಹೇಳಿ. ಅವರ ಹೊತ್ತೂ ಉಳಿಯುತ್ತದೆ, ನಿಮ್ಮ ರೊಕ್ಕವೂ ಉಳಿಯುತ್ತದೆ.

ನಗರದ ನಳದ ಪೈಪಿಗೆ ನೇರವಾಗಿ ಮೋಟಾರ್ ಹಚ್ಚುವುದು ಮಾತ್ರ ಬೇಡವೇ ಬೇಡ. ಓಣಿಯ ಪೈಪಿನಲ್ಲಿ ಎಲ್ಲೋ ಇರುವ ಬಿರುಕಿನಿಂದ ಗಟಾರದ ನೀರನ್ನು ಅದು ಒಳಗೆ ಎಳೆಯುತ್ತದೆ, ನಿಮ್ಮ ಮನೆಗೂ ಪಕ್ಕದ ಮನೆಗೂ.

ಫ್ಯಾನು ಮೆಲ್ಲಗಾದರೆ

ರೆಗ್ಯುಲೇಟರ್ 5ರಲ್ಲಿಟ್ಟರೂ ಮಂದ ತಿರುಗುತ್ತದೆ, ಕೋಲಿನಿಂದ ನೂಕಿದರೆ ಮಾತ್ರ ಶುರುವಾಗುತ್ತದೆ ಅಂದರೆ ಕೆಪ್ಯಾಸಿಟರ್ ಬಲಗುಂದಿದೆ. 48 ಇಂಚಿನ ಸಾದಾ ಫ್ಯಾನುಗಳಲ್ಲಿ ಹೆಚ್ಚಾಗಿ 2.5 ಮೈಕ್ರೋಫ್ಯಾರಡ್, 440 ವೋಲ್ಟಿನದು ಇರುತ್ತದೆ. ನೂರು ರೂಪಾಯಿಯ ಒಳಗೇ ಸಿಗುತ್ತದೆ. ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನಿಗೆ ಇದು ಅನ್ವಯಿಸುವುದಿಲ್ಲ, ಅದರ ಒಳಗೆ ಸರ್ಕ್ಯೂಟ್ ಬೋರ್ಡ್ ಇರುತ್ತದೆ.

ಎಂಸಿಬಿ ಇಳಿಸಿ. ಆಮೇಲೆ ಇನ್ವರ್ಟರ್ ಆರಿಸಿ. ಮೇನ್ ಇಳಿಸಿದ ಕೂಡಲೇ ಇನ್ವರ್ಟರ್ ಕರೆಂಟ್ ಹೋಯಿತೆಂದು ತಿಳಿದು ಫ್ಯಾನು-ದೀಪಗಳ ಲೈನಿಗೆ 230 ವೋಲ್ಟ್ ಕೊಡಲು ಶುರುಮಾಡುತ್ತದೆ. "ಮೇನ್ ಆಫ್ ಮಾಡೀನಲ್ಲ" ಎಂದು ಕೈ ಹಾಕಿದವರಿಗೆ ಶಾಕ್ ಹೊಡೆಯುವುದು ಇದರಿಂದಲೇ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಸಾಕೆಟಿಗೆ ಹಿಡಿದು ಅದು ಹೊತ್ತುತ್ತದೆಯೇ ನೋಡಿ. ಬಳಿಕ ಎಲ್ಲ ಆರಿಸಿ ಫ್ಯಾನಿನ ವೈರಿಗೆ ಹಿಡಿಯಿರಿ. ಬಲ್ಬು ಹೋದ ಟೆಸ್ಟರ್ ಎಲ್ಲ ವೈರನ್ನೂ ಸತ್ತಿದೆ ಎಂದೇ ತೋರಿಸುತ್ತದೆ.

ಗಟ್ಟಿಯಾದ ಏಣಿ, ಅದನ್ನು ಹಿಡಿಯಲು ಇನ್ನೊಬ್ಬರು. ಪ್ಲಾಸ್ಟಿಕ್ ಕುರ್ಚಿ ಬೇಡ. ಫ್ಯಾನಿನ ಕೊಳವೆಯ ಮೇಲಿನ ಅಥವಾ ಕೆಳಗಿನ ಬಟ್ಟಲನ್ನು ಸರಿಸಿ ಕೆಪ್ಯಾಸಿಟರ್ ಎಲ್ಲಿದೆ ನೋಡಿ. ವೈರು ಬಿಚ್ಚುವ ಮುಂಚೆ ಫೋಟೊ ತೆಗೆದುಕೊಳ್ಳಿ. ಹಳೆಯದನ್ನು ಮಲ್ಟಿಮೀಟರಿನಲ್ಲಿ ಅಳೆದರೆ 2.5ರ ಬದಲು 1.6, 1.8 ತೋರಿಸಿದರೆ ರೋಗ ಖಚಿತ. 2.5 ಸರಿಯಾಗಿಯೇ ತೋರಿಸಿದರೆ ಕೆಪ್ಯಾಸಿಟರ್ ಬದಲಿಸಬೇಡಿ, ರೆಗ್ಯುಲೇಟರ್ ಅಥವಾ ಬೇರಿಂಗ್ ನೋಡಿ. ಎರಡು ವೈರಿನ ಕೆಪ್ಯಾಸಿಟರಿಗೆ ಯಾವುದು ಯಾವ ಕಡೆಗೆ ಎಂಬ ಭೇದವಿಲ್ಲ. ಜೋರಾಗಿ ತಿರುಗಲಿ ಎಂದು 3.15 ಅಥವಾ 4 ಹಾಕುವವರಿದ್ದಾರೆ. ವೈಂಡಿಂಗ್ ಕಾದು ಫ್ಯಾನೇ ಹೋಗುತ್ತದೆ.

ಏಣಿ ಹತ್ತಿದ ಮೇಲೆ ಇನ್ನೊಂದನ್ನು ನೋಡಿಯೇ ಇಳಿಯಿರಿ: ಕೊಕ್ಕೆಗೆ ಫ್ಯಾನು ತೂಗುಹಾಕಿದ ಬೋಲ್ಟಿನ ತುದಿಯ ತೂತಿನಲ್ಲಿ ಒಂದು ಸ್ಪ್ಲಿಟ್ ಪಿನ್ ಇರಬೇಕು, ಅದರ ಎರಡು ಕಾಲು ಬಾಗಿರಬೇಕು. ಎಷ್ಟೋ ಮನೆಗಳಲ್ಲಿ ಆ ಪಿನ್ನೇ ಇರುವುದಿಲ್ಲ. ನಡುಗುತ್ತ ನಡುಗುತ್ತ ನಟ್ಟು ಕಳಚಿದರೆ ಫ್ಯಾನನ್ನು ತಡೆಯುವುದು ಅದೊಂದೇ. ಫ್ಯಾನು ಓಲಾಡುತ್ತಿದ್ದರೆ ಮೂರೂ ರೆಕ್ಕೆಗಳ ತುದಿಯಿಂದ ಮಾಳಿಗೆಗೆ ಎಷ್ಟು ದೂರವೆಂದು ಸ್ಕೇಲಿನಿಂದ ಅಳೆಯಿರಿ. ಒಂದು ರೆಕ್ಕೆ ಅರ್ಧ ಸೆಂ.ಮೀ. ತಗ್ಗಿದ್ದರೆ ಅದರ ಬುಡದ ಸ್ಕ್ರೂ ಸಡಿಲಾಗಿದೆ ಅಥವಾ ರೆಕ್ಕೆ ಬಾಗಿದೆ.

ಎಂಸಿಬಿ ಬೀಳುತ್ತಿದ್ದರೆ

ಏರಿಸಿದ ಕ್ಷಣವೇ ಬಿದ್ದರೆ ಶಾರ್ಟ್, ಹತ್ತು ನಿಮಿಷದ ಮೇಲೆ ಬಿದ್ದರೆ ಹೊರೆ ಹೆಚ್ಚು. ಆ ಲೈನಿನ ಎಲ್ಲ ಪ್ಲಗ್ ಕಿತ್ತು ಒಂದೊಂದಾಗಿ ಹಾಕುತ್ತ ಬನ್ನಿ, ಕಳ್ಳ ಸಿಗುತ್ತಾನೆ. 16 ಆಂಪಿಯರಿನದು ಬೀಳುತ್ತದೆಂದು 32 ಹಾಕಿದರೆ ಗೋಡೆಯೊಳಗಿನ 2.5 ಚದರ ಮಿ.ಮೀ. ವೈರು ಕಾದು ಕರಗುತ್ತದೆ, ಎಂಸಿಬಿ ಸುಮ್ಮನೆ ಕೂತಿರುತ್ತದೆ. ಕರೆಂಟ್ ಸೋರಿದರೆ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೀಳುತ್ತಿದ್ದರೆ ಎಲ್ಲಿಯೋ ಕರೆಂಟ್ ಸೋರುತ್ತಿದೆ. ಸವಳು ನೀರಿನ ಮನೆಯಲ್ಲಿ ಮೊದಲ ಸಂಶಯ ಗೀಜರಿನ ಕಾಯಿಲ್ ಮೇಲೆ. ಗೀಜರ್ ಬಿಚ್ಚುವುದನ್ನು ಮೆಕ್ಯಾನಿಕ್‌ಗೇ ಬಿಡಿ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಅದನ್ನೇ ಬದಲಿಸಿ. ಮೀಟರಿನ ಸೀಲು, ಕಂಬದಿಂದ ಬರುವ ವೈರು ನಮ್ಮ ಕೆಲಸವಲ್ಲ. ಅದಕ್ಕೆ ಹೆಸ್ಕಾಂನ 1912 ಇದೆ. ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಎರೆಭೂಮಿಯ ಗೋಡೆಬಿರುಕು

ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗದ ಕಡೆಗೆ ಹೋದಂತೆ ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಕೂತ ಗೋಡೆಯೂ ಅದರ ಜೊತೆ ಆಡುತ್ತದೆ. ಇಂಥ ಬಿರುಕಿಗೆ ಸಿಮೆಂಟ್ ಮೆತ್ತಿದರೆ ಮುಂದಿನ ಏಪ್ರಿಲ್‌ಗೆ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತದೆ.

ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಅಗಲ ಅಳೆಯಲು ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು, ಅದರ ದಪ್ಪ 0.76 ಮಿ.ಮೀ. ಕಾರ್ಡಿನ ಅಂಚು ಒಳಗೆ ಹೋಗದಿದ್ದರೆ ಅದು ಹೆಚ್ಚಾಗಿ ಪ್ಲಾಸ್ಟರಿನ ಬಿರುಕು. ಹೋದರೆ ಒಂದು ಬೇಸಿಗೆ, ಒಂದು ಮಳೆಗಾಲ ಅಳೆಯುತ್ತ ಬನ್ನಿ. ಬಾಗಿಲು-ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗಿ, ಪ್ರತಿ ತಿಂಗಳು ಗೆರೆ ದಾಟುತ್ತಿದ್ದರೆ, ಅಥವಾ ತೊಲೆ-ಕಂಬದಲ್ಲೇ ಬಿರುಕಿದ್ದರೆ ಸಿವಿಲ್ ಎಂಜಿನಿಯರ್‌ಗೆ ಆ ತಾರೀಖುಗಳನ್ನು ತೋರಿಸಿ. ಅವರಿಗೆ ಅದಕ್ಕಿಂತ ಉಪಯುಕ್ತವಾದ ಮಾಹಿತಿ ಬೇರೆ ಇಲ್ಲ.

ಋತುವಿಗೆ ತಕ್ಕಂತೆ ತುಸು ಹಿಗ್ಗಿ ಕುಗ್ಗುವ ಬಿರುಕಾದರೆ ಸ್ಕ್ರೇಪರಿನಿಂದ ಅದನ್ನು 5 ಮಿ.ಮೀ. ಅಗಲಕ್ಕೆ, ಇಂಗ್ಲಿಷಿನ ವಿ ಆಕಾರದಲ್ಲಿ ಕೆತ್ತಿ, ಧೂಳನ್ನು ಬ್ರಷ್ಷಿನಿಂದ ಪೂರ್ತಿ ತೆಗೆದು, ಬಾಗಬಲ್ಲ ಅಕ್ರಿಲಿಕ್ ಫಿಲ್ಲರನ್ನು ಎರಡು ಪದರವಾಗಿ ತುಂಬಿ. ಮೊದಲ ಪದರ ಪೂರ್ತಿ ಒಣಗಿದ ಮೇಲೆಯೇ ಎರಡನೆಯದು. ಅದಕ್ಕೂ ಮುಂಚೆ ಮನೆಯ ಸುತ್ತ ಒಂದು ಸುತ್ತು ಹಾಕಿ, ಮಾಳಿಗೆಯ ಮಳೆನೀರಿನ ಪೈಪ್ ಎಲ್ಲಿ ಬೀಳುತ್ತಿದೆ ನೋಡಿ. ಅಡಿಪಾಯದ ಬುಡಕ್ಕೇ ಬೀಳುತ್ತಿದ್ದರೆ ಒಂದು ಬಾಗು ಮತ್ತು 6 ಅಡಿ ಪೈಪ್ ಜೋಡಿಸಿ ನೀರನ್ನು ಗೋಡೆಯಿಂದ ದೂರ ಒಯ್ಯಿರಿ. ಆ ಪೈಪನ್ನು ಮೇ ತಿಂಗಳು ಮುಗಿಯುವುದರೊಳಗೆ ಹಾಕಿ, ಜೂನ್ ಮೊದಲ ಮಳೆಗೆ ನಿಂತು ನೋಡಿ, ಫಿಲ್ಲರಿನ ಕೆಲಸ ಮಳೆಗಾಲ ಕಳೆದು ಗೋಡೆ ಒಣಗಿದ ಮೇಲೆ ಇಟ್ಟುಕೊಳ್ಳಿ.